ಗುಮ್ಮನಿಗೆ ಎಷ್ಟು ತಲೆ?

ಶ್ರೀಕರ ಆರು ವರ್ಷ ಕೂತು ಒಂದು ಪದಕೋಶ ಬರೆದಿದ್ದ. ಅಂದು ಸಂಜೆ ಆಶ್ರಮದಲ್ಲಿ ಪಂಡಿತರ ಸಭೆ. ಗುರು ಬೋಧಾನಂದರು ಒಪ್ಪಿದರೆ ಅಲ್ಲಿ ಓದಬಹುದು, ಇಲ್ಲದಿದ್ದರೆ ಇಲ್ಲ.

ಗುರುಗಳು ಓಲೆಗಳನ್ನು ಒಂದೊಂದಾಗಿ ತಿರುವಿದರು. ಒಂದು ಕಡೆ ಬೆರಳು ನಿಂತಿತು.

“ಗರುಡ ಇದ್ದಾನೆ, ಗಂಡಭೇರುಂಡ ಇದೆ. ಗುಮ್ಮ ಎಲ್ಲಿ?”

“ಬಿಟ್ಟೆ, ಗುರುಗಳೇ. ಯಾವ ಪುರಾಣದಲ್ಲೂ ಅವನಿಲ್ಲ. ಎಷ್ಟು ತಲೆ, ಎಷ್ಟು ಕೈ, ಏನು ತಿನ್ನುತ್ತಾನೆ, ಒಂದೂ ಗೊತ್ತಿಲ್ಲ. ಓದಿದರೆ ಪಂಡಿತರು ನಗುತ್ತಾರೆ.”

“ಚಿಕ್ಕವನಿದ್ದಾಗ ನೀನು ಗುಮ್ಮನಿಗೆ ಹೆದರಲಿಲ್ಲವೇ?”

“ಹೆದರಿದ್ದೆ.”

“ಗಂಡಭೇರುಂಡಕ್ಕೆ?”

“ಇಲ್ಲ.”

“ಹಾಗಾದರೆ ಹೋಗಿ ತಿಳಿದುಕೊಂಡು ಬಾ. ಗುಮ್ಮನಿಲ್ಲದ ಕೋಶಕ್ಕೆ ನನ್ನ ಒಪ್ಪಿಗೆಯಿಲ್ಲ.”

ಆರು ವರ್ಷದ ಕೆಲಸ ಹೋಗಿ ಹೋಗಿ ಒಬ್ಬ ಗುಮ್ಮನ ಕೈಗೆ ಸಿಕ್ಕಿತಲ್ಲ ಎಂದು ಶ್ರೀಕರನಿಗೆ ಅಳುವೇ ಬಂತು. ಓಲೆ, ಬರೆಯುವ ಕಂಟ ಎತ್ತಿಕೊಂಡು ಹೊಳೆಯ ಕಡೆ ನಡೆದ.

ದಡದಲ್ಲಿ ಅಂಬಿಗರ ಚೆಲುವಿ ಮೂರು ವರ್ಷದ ಮಗಳಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಮಗು ಬಾಯಿ ಬಿಗಿದು ಕೂತಿತ್ತು.

“ತಿಂತೀಯೋ, ಗುಮ್ಮನ್ನ ಕರೀಲೋ?”

ಶ್ರೀಕರನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಕೇಳಿದ, “ಅಮ್ಮಾ, ಗುಮ್ಮ ಹೇಗಿರುತ್ತಾನೆ? ಎಷ್ಟು ತಲೆ?”

“ಯಾರು ಕಂಡವ್ರೆ ಸ್ವಾಮಿ? ಅವ್ನು ಬರೋದ್ರೊಳಗೆ ಅನ್ನ ಖಾಲಿಯಾಗಿರ್ತದೆ.”

“ಸುಮ್ಮನೆ ಊಹಿಸಿಯಾದರೂ ಹೇಳಿ. ಗಡ್ಡ ಇದೆಯೋ? ಕೋರೆಹಲ್ಲು?”

ಚೆಲುವಿ ಅವನ ಕೆದರಿದ ಗಡ್ಡ ನೋಡಿದಳು, ನಿದ್ದೆಗೆಟ್ಟ ಕೆಂಗಣ್ಣು ನೋಡಿದಳು. ಮಗಳ ಕಡೆ ತಿರುಗಿ, “ಅಗೋ, ಬಂದೇಬಿಟ್ಟ!” ಅಂದಳು.

ಮಗುವಿನ ಕಣ್ಣು ಅಗಲವಾಯಿತು. ಒಂದು ತುತ್ತು ಗುಳುಂ. ಇನ್ನೊಂದು ಗುಳುಂ. ನಮ್ಮ ಪಂಡಿತ ಅಲ್ಲಾಡದೆ ನಿಂತ. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಪಾಪ. ಕಣ್ಣು ತಟ್ಟೆಯ ಮೇಲೇ ಇತ್ತು.

ಮಗು ಅದನ್ನು ನೋಡಿತು. ಎದ್ದು ಬಂದು, ಹಿಡಿ ತುಂಬ ಅನ್ನ ಚಾಚಿತು. ಗುಮ್ಮ ಬಗ್ಗಿದ.

“ನೀನೂ ತಿನ್ನು ಗುಮ್ಮಾ. ಇಲ್ಲಾಂದ್ರೆ ಅವ್ವ ಬಯ್ತಾಳೆ.”

ಅರ್ಧ ಬಾಯಿಗೆ ಹೋಯಿತು, ಅರ್ಧ ಗಡ್ಡಕ್ಕೆ. ಚೆಲುವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶ್ರೀಕರನೂ ನಕ್ಕ. ಈ ಆರು ವರ್ಷದಲ್ಲಿ ಅವನು ಅಷ್ಟು ಜೋರಾಗಿ ನಕ್ಕಿರಲಿಲ್ಲ.

ಆಶ್ರಮಕ್ಕೆ ಬಂದಾಗ ಪಂಡಿತರು ಆಗಲೇ ಸೇರುತ್ತಿದ್ದರು. ಏದುಸಿರು ಬಿಡುತ್ತಲೇ ಗುರುಗಳಿಗೆ ಎಲ್ಲ ಹೇಳಿದ.

“ಓಲೆಯಲ್ಲಿ ಒಂದಕ್ಷರವೂ ಬರೆದಿಲ್ಲ, ಗುರುಗಳೇ. ಆದರೆ ಗುಮ್ಮ ಕೋಶದಲ್ಲಿ ಇರಲೇಬೇಕು. ನಗುವವರು ನಗಲಿ. ಅರ್ಥ ಏನೆಂದು ಕೇಳಿದರೆ ಮಾತ್ರ ಏನು ಹೇಳಲಿ?”

ಹೇಳುತ್ತ ಉತ್ತರೀಯದಿಂದ ಗಡ್ಡಕ್ಕಂಟಿದ ಮೊಸರನ್ನ ಒರೆಸಿಕೊಳ್ಳಲು ಹೋದ.

ಬೋಧಾನಂದರು ಅವನ ಕೈ ಹಿಡಿದರು.

“ಒರೆಸಬೇಡ. ಸಭೆಗೆ ಹೀಗೇ ಬಾ.”