ಒಸರುತ್ತಿದ್ದ ಪೈಪು

"ಅಕ್ಕನವರೇ, ಒಬ್ಬರಿಂದಲೇ ಮನೆಯ ನೆಮ್ಮದಿ ಕೆಡುತ್ತಿದ್ದರೆ, ಆ ಒಬ್ಬರನ್ನು ಹೊರಗೆ ಕಳಿಸುವುದು ತಪ್ಪಾಗುತ್ತದೆಯೇ?"

ಶಾಂಭವಿ ಈ ಪ್ರಶ್ನೆಯನ್ನು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಉಳಿದವರೆಲ್ಲ ಎದ್ದುಹೋಗುವವರೆಗೆ ಕಾದು ಕೇಳಿದಳು. ಆಶ್ರಮದಲ್ಲಿ ಅವಳು ದನಿ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಬಂದವರು ಹೋದವರೆಲ್ಲ ಅವಳ ತಾಳ್ಮೆಯನ್ನು ಹೊಗಳುತ್ತಿದ್ದರು. ಹೊಗಳಿಕೆ ತನಗೆ ಬೇಡವೆಂದು ಅವಳು ಹೇಳುತ್ತಿದ್ದಳು. ಹೇಳಿ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು.

ಅಕ್ಕನವರು ಆಶ್ರಮದ ಗುರುಗಳು. ಕಾವಿ ಉಡುವ ಮೊದಲು ಘಟ್ಟದ ಬುಡದ ಊರೊಂದರಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟು ತಮ್ಮ ಅನ್ನ ತಾವೇ ದುಡಿದವರು.

"ಯಾರ ವಿಷಯ ಇದು?" ಎಂದರು.

"ಅಡುಗೆಮನೆಯ ಹೊನ್ನಮ್ಮನದು. ನಿನ್ನೆ ಮತ್ತೆ ರಂಪ ಮಾಡಿದಳು. ದಾನಕ್ಕೆ ಬಂದ ಅಕ್ಕಿ ಮುಗ್ಗಲು ಹಿಡಿದಿದೆಯೆಂದು ದಾನಿಯ ಎದುರಿಗೇ ಕೂಗಿದಳು. ನಮಗೂ ಆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ, ಅಕ್ಕನವರೇ. ಆದರೆ ನಾವು ಯಾರಾದರೂ ಬಾಯಿ ಬಿಟ್ಟೆವೇ? ಅವಳೊಬ್ಬಳು ಇಲ್ಲದಿದ್ದರೆ ಈ ಜಾಗ ಕೈಲಾಸ. ಎಲ್ಲರೂ ಹಾಗೇ ಅನ್ನುತ್ತಾರೆ. ಕೇಳುವ ಧೈರ್ಯ ನನಗೆ ಬಂತು, ಅಷ್ಟೇ."

"ಕಳಿಸಿದರೆ ಎಲ್ಲಿಗೆ ಹೋಗುತ್ತಾಳೆ?"

"ಅವಳಿಗೆ ಯಾರೂ ಇಲ್ಲ. ಅದೇ ನನ್ನ ಮನಸ್ಸಿಗೆ ಚುಚ್ಚುವುದು. ಅದಕ್ಕೇ ಕೇಳಿದೆ."

ಅಕ್ಕನವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಹುಚ್ಚು, ಹಳೆಯ ಕಾಲದ ಒಂದು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಉದ್ದ ಮೂಗು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರಲ್ಲಿ ಕೂತಾಗಲೆಲ್ಲ ಅವನ ಹೆಂಡತಿ, "ಇದು ಕೂರುವ ಗಾಡಿಯಲ್ಲ ಕಣ್ರೀ, ಮಲಗುವ ಗಾಡಿ. ಏಳಬೇಕಾದರೆ ಇಬ್ಬರು ಹಿಡಿದೆತ್ತಬೇಕು" ಎನ್ನುತ್ತಿದ್ದಳು. ಪ್ರಾಯದಲ್ಲಿ ಅದು ಪಂದ್ಯಗಳಲ್ಲಿ ಓಡಿತ್ತಂತೆ. ಈಗ ಭಾನುವಾರ ಮಾತ್ರ ಓಡುತ್ತಿತ್ತು.

ಇಂಜಿನ್ ಬಿಸಿಯಾಗುತ್ತದೆ. ಅದರ ಸುತ್ತ ಹರಿಯುವ ನೀರು ಆ ಬಿಸಿಯನ್ನು ಹೊತ್ತು ಮುಂದಿನ ರೇಡಿಯೇಟರಿಗೆ ತರುತ್ತದೆ, ಅಲ್ಲಿ ತಣ್ಣಗಾಗಿ ಹಿಂದಕ್ಕೆ ಹೋಗುತ್ತದೆ. ಹೋಗಿ ಬರುವುದಕ್ಕೆ ರಬ್ಬರಿನ ಪೈಪುಗಳಿವೆ. ಈ ಕಾರಿನಲ್ಲಿದ್ದವು ಕಾರು ಹುಟ್ಟಿದಾಗಿನಿಂದ ಇದ್ದವೇ.

ಅವುಗಳಲ್ಲಿ ಒಂದು ಪೈಪು ಒಸರುತ್ತಿತ್ತು. ಅದು ಎಲ್ಲಕ್ಕಿಂತ ಕೆಳಗಿನದು. ಬಾಯಿಯ ಸುತ್ತ ಬಿಳಿ ಕಿಟ್ಟ ಕಟ್ಟಿಕೊಂಡು, ನೋಡಲು ಹೇಸಿಗೆಯಾಗಿತ್ತು. ದಿನಾ ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಅಂಗೈಯಗಲ ಒದ್ದೆ. ವರ್ತಕ ಅದನ್ನು ಒರೆಸುವನು, ಪೈಪನ್ನು ಬೈಯುವನು, ರೇಡಿಯೇಟರಿಗೆ ಒಂದು ಚೊಂಬು ನೀರು ಹೊಯ್ಯುವನು.

ಉಳಿದ ಪೈಪುಗಳು ಮಿರಮಿರ ಮಿಂಚುತ್ತಿದ್ದವು. ಅದಕ್ಕೆ ಕಾರಣವಿತ್ತು. ಶುಕ್ರವಾರ ಪೂಜೆ ಮುಗಿದ ಮೇಲೆ ವರ್ತಕ ದೇವರ ದೀಪಕ್ಕೆ ತಂದ ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ, ಬಾನೆಟ್ ಎತ್ತಿ, ಕೈಗೆ ಸಿಕ್ಕಿದ ಪೈಪುಗಳಿಗೆಲ್ಲ ಸವರುತ್ತಿದ್ದ. ಕೆಳಗಿನದು ಕೈಗೆ ಸಿಗುತ್ತಿರಲಿಲ್ಲ. ಅವನು ತಗ್ಗಿ ಸವರುವುದನ್ನು ನೋಡಿ ಹೆಂಡತಿ, "ಅದರಲ್ಲಿ ಅರ್ಧ ನನ್ನ ತಲೆಗೆ ಹಾಕಿದ್ದರೆ ಈ ಹೊತ್ತಿಗೆ ನನ್ನ ಜಡೆ ನೆಲ ಗುಡಿಸುತ್ತಿತ್ತು" ಎನ್ನುವಳು. ಸ್ನೇಹಿತರು ಬಂದರೆ ಅವನು ಬಾನೆಟ್ ಎತ್ತಿ ತೋರಿಸುವನು. "ನೋಡಿ, ಕಂಪನಿಯಿಂದ ಬಂದವೇ. ಹೇಗಿವೆ!" ಎನ್ನುವನು. ಕೆಳಗಿನ ಪೈಪಿನ ಮಾತು ಎತ್ತುತ್ತಿರಲಿಲ್ಲ.

ಹೀಗಿರುವಾಗ ಮಗಳಿಗೆ ಹೆರಿಗೆಯಾಯಿತು. ಮೊಮ್ಮಗುವಿನ ನಾಮಕರಣ ಘಟ್ಟದ ಮೇಲಿನ ಬೀಗರ ಊರಿನಲ್ಲಿ. ಕಾರಿನಲ್ಲೇ ಹೋಗೋಣ ಎಂದು ವರ್ತಕ ಹಟ ಹಿಡಿದ.

ಹೆಂಡತಿ ಹೇಳಿದಳು: "ಬರುತ್ತೇನೆ. ಆದರೆ ಒಂದು ಮಾತು. ದಾರಿಯಲ್ಲಿ ಇದು ನಿಂತರೆ, ಇದೇ ಕೊನೆ. ಗುಜರಿಗೆ ತೂಕಕ್ಕೆ ಹಾಕಬೇಕು. ಆಮೇಲೆ ಅಳಬಾರದು."

"ಒಪ್ಪಿದೆ" ಎಂದ ವರ್ತಕ.

ಒಪ್ಪಿದ ಮೇಲೆ ಅವನಿಗೆ ದಿಗಿಲು ಹತ್ತಿತು. ಆ ಕಾರನ್ನು ಅವನು ಬೇಲಿಯೊಳಗೆ ತುಕ್ಕು ಹಿಡಿದು ಬಿದ್ದಿದ್ದಾಗ ತಂದು ಎಬ್ಬಿಸಿದ್ದ. ಅದು ತೂಕಕ್ಕೆ ಹೋಗುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಒಯ್ದು ಆ ಒಸರುವ ಪೈಪನ್ನು ಕಿತ್ತು ಎಸೆದು ಹೊಸದನ್ನು ಹಾಕಿಸಿದ. ಉಳಿದವನ್ನೂ ನೋಡಲೇ ಎಂದು ಮೆಕ್ಯಾನಿಕ್ ಕೇಳಿದಾಗ, "ಅವಕ್ಕೇನಾಗಿದೆ ಧಾಡಿ? ಕನ್ನಡಿಯ ಹಾಗಿವೆ. ಮುಟ್ಟಬೇಡ" ಎಂದ.

ಮರುದಿನ ಬೆಳಿಗ್ಗೆ ಶೆಡ್ಡಿನ ನೆಲ ಒಣಗಿತ್ತು. ವರ್ತಕ ಹೆಂಡತಿಯನ್ನು ಕರೆದು ಆ ಒಣ ನೆಲವನ್ನು ತೋರಿಸಿದ.

ಕಾರು ಹೊರಟಿತು. ಘಟ್ಟದ ಅರ್ಧ ದಾರಿಯವರೆಗೆ ಚಿಗರೆಯ ಹಾಗೆ ಏರಿತು. ಒಂದು ತಿರುವಿನಲ್ಲಿ ಢಬ್ಬೆಂದು ಸದ್ದಾಯಿತು. ಬಾನೆಟ್ಟಿನ ಸಂದಿಯಿಂದ ಹಬೆ ನುಗ್ಗಿತು. ನೋಡಿದರೆ ಹೊಸ ಪೈಪು ಗಟ್ಟಿಯಾಗಿಯೇ ಇದೆ. ಒಡೆದದ್ದು ಮೇಲಿನ ದೊಡ್ಡ ಪೈಪು, ಎಲ್ಲಕ್ಕಿಂತ ಹೆಚ್ಚು ಮಿಂಚುತ್ತಿದ್ದದ್ದು. ಉದ್ದಕ್ಕೂ ಸೀಳಿಹೋಗಿತ್ತು.

ಹೆಂಡತಿ ಕೆಳಗಿಳಿದಳು. ತೊಟ್ಟಿಲ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು, ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಹೊರಟುಹೋದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಅಜ್ಜ ಘಟ್ಟದ ತಿರುವಿನಲ್ಲಿ ಹಬೆ ಆರುವುದನ್ನು ಕಾಯುತ್ತ ಕೂತಿದ್ದ.

ಶಾಂಭವಿ ನಡುವೆ ಬಾಯಿ ಹಾಕಿದಳು. ಅವಳು ಬಂದ ಕೆಲಸವನ್ನು ಅರೆಕ್ಷಣ ಮರೆತಿದ್ದಳು. "ಅದು ಹೇಗೆ, ಅಕ್ಕನವರೇ? ಕೆಟ್ಟದ್ದನ್ನು ತೆಗೆದು ಹಾಕಿದ್ದಾಗಿತ್ತು. ಚೆನ್ನಾಗಿದ್ದದ್ದು ಯಾಕೆ ಒಡೆಯಬೇಕು?"

"ವರ್ತಕನೂ ಅದನ್ನೇ ಕೇಳಿದ" ಎಂದರು ಅಕ್ಕನವರು.

ಅವನು ತನಗೆ ತಾನೇ ಕೇಳಿಕೊಂಡ, ಕಾರನ್ನು ಎಳೆದೊಯ್ದ ಲಾರಿಯವನನ್ನು ಕೇಳಿದ, ಚಹಾ ಅಂಗಡಿಯಲ್ಲಿ ಕೂತವರನ್ನು ಕೇಳಿದ. ಕೊನೆಗೆ ಹೊಸ ಪೈಪಿನ ಕಾಲ್ಗುಣವೇ ಸರಿಯಿಲ್ಲ ಎಂದು ತೀರ್ಮಾನಿಸಿದ. ಅದು ಬರುವವರೆಗೆ ಎಲ್ಲ ಹೊಂದಿಕೊಂಡು ಇದ್ದವು, ಅದು ಬಂದ ಮರುದಿನವೇ ಮನೆ ಒಡೆಯಿತು ಎಂದ. ಹೆಂಡತಿ ಊರಿಗೆ ಮರಳಿದಾಗ ಇದೇ ಮಾತನ್ನು ಅವಳ ಮುಂದಿಟ್ಟ. ಗುಜರಿಯವನನ್ನು ಕರೆಸುವ ಮೊದಲು ಇಷ್ಟಾದರೂ ಕೇಳು ಎಂದು ಬೇಡಿದ.

ಅವಳು ಅನ್ನಕ್ಕಿಡುತ್ತಿದ್ದಳು. ಕುಕ್ಕರಿನ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು. ಅವಳಿಗೂ ಇದು ಏನೆಂದು ತಿಳಿಯುವ ಆಸೆ ಹುಟ್ಟಿತು; ಸಿಟ್ಟು ಸ್ವಲ್ಪ ಹಿಂದೆ ಸರಿಯಿತು.

"ಹೋದ ವರ್ಷ ಇದರ ರಬ್ಬರ್ ಸಡಿಲವಾಗಿತ್ತು, ನೆನಪಿದೆಯಾ?" ಎಂದಳು. "ಪಕ್ಕದಿಂದ ಬುಸ್ ಬುಸ್ ಎಂದು ಹಬೆ ಹೋಗುತ್ತಿತ್ತು. ವಿಷಲ್ ಕೂಗುತ್ತಲೇ ಇರಲಿಲ್ಲ. ಕಾಟ ಅಂತ ಹೊಸ ರಬ್ಬರ್ ತಂದು ಹಾಕಿದೆ. ಅವತ್ತೇ ಮುಚ್ಚಳದ ಮೇಲಿನ ಸೇಫ್ಟಿ ಬಿಲ್ಲೆ ಹಾರಿ ಬೇಳೆಯೆಲ್ಲ ಸೂರಿಗೆ ಅಂಟಿತು. ಹೊಸ ರಬ್ಬರಿನ ಕಾಲ್ಗುಣ ಅಂತ ನಾನು ಅಳುತ್ತಾ ಕೂತೆನೇ? ಬಿಲ್ಲೆ ಮೊದಲೇ ಸವೆದಿತ್ತು. ಪಕ್ಕದಿಂದ ಹಬೆ ಹೋಗುತ್ತಿದ್ದುದರಿಂದ ಅದರ ಬಂಡವಾಳ ಹೊರಗೆ ಬಿದ್ದಿರಲಿಲ್ಲ, ಅಷ್ಟೇ."

ವರ್ತಕ ಎದ್ದ. ಚಪ್ಪಲಿ ಮೆಟ್ಟಲಿಲ್ಲ. ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿದ. ಇಂಜಿನ್ ತಣ್ಣಗಿತ್ತು. ಅಷ್ಟು ವರ್ಷ ಅವನು ಆ ಪೈಪುಗಳನ್ನು ಒರೆಸಿದ್ದ, ಸವರಿದ್ದ, ತೋರಿಸಿದ್ದ. ಒತ್ತಿ ನೋಡಿರಲಿಲ್ಲ. ಈಗ ಒಂದೊಂದನ್ನೇ ಹಿಡಿದು ಒತ್ತಿದ. ಒಂದು, ಕೊಳೆತ ಬಾಳೆಹಣ್ಣಿನ ಹಾಗೆ ಬೆರಳಿಗೆ ತಗ್ಗಿತು. ಇನ್ನೊಂದು ಕ್ಲಿಪ್ಪಿನ ಪಕ್ಕದಲ್ಲಿ ಗಂಟಲ ಗಡ್ಡೆಯ ಹಾಗೆ ಉಬ್ಬಿತ್ತು. ಅದನ್ನು ಬಿಚ್ಚಿ ಚಾಕುವಿನಿಂದ ಸೀಳಿದ. ಹೊರಗೆ ಕಪ್ಪು ಮಿಂಚು. ಒಳಗೆ ರಬ್ಬರು ಪದರು ಪದರಾಗಿ ಬಿಟ್ಟುಕೊಂಡಿತ್ತು. ಎಣ್ಣೆ ರಬ್ಬರನ್ನು ತಿನ್ನುತ್ತದೆ. ಹೊಳಪಿಗೆಂದು ಅವನು ಸವರಿದ ಎಣ್ಣೆಯೇ ಅದನ್ನು ಮೆತ್ತಗೆ ಮಾಡಿತ್ತು.

ಅವನು ಗ್ಯಾರೇಜಿನ ಹೊರಗೆ ಬಿದ್ದಿದ್ದ ಆ ಹಳೆಯ ಪೈಪನ್ನೂ ಹುಡುಕಿ ತಂದು ಸೀಳಿ ನೋಡಿದ. ಅದು ಬಾಯಿಯ ಹತ್ತಿರ ಬಿರುಕು ಬಿಟ್ಟಿತ್ತು, ಬೇರೆ ಕಡೆ ಗಟ್ಟಿಯಾಗಿತ್ತು. ನೀರು ಕಾದು ಉಬ್ಬಿ ಒತ್ತಿದಾಗಲೆಲ್ಲ ಆ ಬಿರುಕಿನಿಂದ ಒಂದಿಷ್ಟು ಹೊರಗೆ ಬಿಟ್ಟು ಅದು ಒಳಗಿನ ಒತ್ತಡ ಇಳಿಸುತ್ತಿತ್ತು. ಅದು ಒಸರುತ್ತಿದ್ದಷ್ಟು ಕಾಲ ಉಳಿದವು ಮಿಂಚುತ್ತಿದ್ದವು.

ವರ್ತಕ ಎಲ್ಲ ಪೈಪುಗಳನ್ನೂ ಬದಲಿಸಿದ. ಎಣ್ಣೆಯ ಬಟ್ಟೆಯನ್ನು ಸುಟ್ಟ. ಹೆಂಡತಿ ಗುಜರಿಯವನಿಗೆ ಹೇಳಿ ಕಳಿಸಲಿಲ್ಲ. ಮುಂದಿನ ತಿಂಗಳು ಇಬ್ಬರೂ ಮೊಮ್ಮಗುವನ್ನು ನೋಡಲು ಅದೇ ಕಾರಿನಲ್ಲಿ ಹೊರಟರು.

ಅಕ್ಕನವರು ಕತೆ ನಿಲ್ಲಿಸಿದರು.

"ಘಟ್ಟ ಹತ್ತಿತೇ?" ಎಂದಳು ಶಾಂಭವಿ.

"ಹತ್ತಿತು."

ಶಾಂಭವಿಗೆ ಸಮಾಧಾನವಾಯಿತು. ಕತೆಯನ್ನು ತನ್ನ ಪ್ರಶ್ನೆಯ ಪಕ್ಕಕ್ಕಿಟ್ಟು ನೋಡಿದಳು. ಹಳೆಯ ಪೈಪನ್ನು ವರ್ತಕ ಮತ್ತೆ ಹಾಕಲಿಲ್ಲವಲ್ಲ ಎಂಬುದು ಅವಳಿಗೆ ಹೊಳೆಯಿತು. ಒಸರುವುದು ಒಸರುವುದೇ. ಅದನ್ನು ತೆಗೆದದ್ದು ತಪ್ಪೆಂದು ಕತೆ ಎಲ್ಲೂ ಹೇಳಿರಲಿಲ್ಲ.

ಅವಳು ಎಂದಿನ ಮೆಲುದನಿಯಲ್ಲಿ, "ಹಾಗಾದರೆ ಹೊನ್ನಮ್ಮನನ್ನು ಕಳಿಸಲು ತಮ್ಮ ಒಪ್ಪಿಗೆ ಇದೆಯೆಂದು ತಿಳಿಯಲೇ?" ಎಂದು ಕೇಳಿದಳು.

"ಇದೆ, ತಾಯಿ. ಆದರೆ ಅವಳು ಹೋದ ಮೇಲೆ ಈ ಮನೆಯಲ್ಲಿ ಮೊದಲು ಕೂಗುವವರು ಯಾರು ಎಂಬುದನ್ನಷ್ಟು ನನಗೆ ಈಗಲೇ ಹೇಳಿ ಹೋಗು."