ಮಂಜಿನಲ್ಲಿ ಮಾಯವಾಗುವ ಕಾವಲುಗಾರ

"ಕೇಳ್ರಪ್ಪೋ ಕೇಳಿ! ಮಾಗಿಯ ಮಂಜಿನಲ್ಲಿ ಕೊರಕಲು ಘಟ್ಟದಿಂದ ಗಾಡಿಗಳು ಉರುಳುತ್ತಿವೆ, ಅದಕ್ಕೆ ಅರಮನೆಯೇ ಹೊಣೆ ಎಂದು ಕೆಂಚವ್ವ ಎಂಬುವಳು ದೂರು ಕೊಟ್ಟಿದ್ದಾಳೆ. ಹೊನ್ನಾಜಮ್ಮ ರಾಣಿಯವರ ಮೂರು ಒಗಟು ಬಿಡಿಸುವವರಿದ್ದರೆ ನ್ಯಾಯ ಅವಳ ಕಡೆ, ಬಿಡಿಸಿದವನು ಕೇಳಿದ್ದು ಅವನಿಗೆ. ತಪ್ಪು ಹೇಳಿದರೆ ತಲೆದಂಡ!"

ಡಂಗುರ ಕೇಳಿದವರಲ್ಲಿ, ದಾರಿಯ ದೂರಿಗೂ ಒಗಟಿಗೂ ಏನು ಸಂಬಂಧ ಎಂದು ಕೇಳುವ ಎದೆ ಯಾರಿಗಿತ್ತು? ಅರಮನೆಯವರು ಆಡಿದ್ದೇ ಆಟ. ಹಿಂದಿನ ಮಾಗಿಯಲ್ಲಿ ಅದೇ ಘಟ್ಟದಲ್ಲಿ ಗಂಡನನ್ನು ಕಳೆದುಕೊಂಡಿದ್ದ ಕೆಂಚವ್ವ ತುಟಿ ಕಚ್ಚಿಕೊಂಡು ಸಭೆಯಲ್ಲಿ ನಿಂತಳು. ಗುಂಪಿನ ಹಿಂದೆ ಚಿಕ್ಕೀರ ನಿಂತಿದ್ದ. ಸುಣ್ಣ ಸುಡುವುದು ಅವನ ಕಸುಬು. ಘಟ್ಟದ ಅಂಚಿನ ಕಲ್ಲುಗಳಿಗೆ ವರ್ಷವರ್ಷ ಸುಣ್ಣ ಬಳಿಯುವುದು ಅವನ ತಾತ ದೊಡ್ಡೀರನ ಕಾಲದಿಂದ ಬಂದ ಕೆಲಸ. ಗಾಡಿ ಬಿದ್ದಾಗಲೆಲ್ಲ ಊರವರು "ಸುಣ್ಣ ತೆಳುವಾಯ್ತು, ಇನ್ನೊಂದು ಕೈ ಬಳಿಯೋ" ಎನ್ನುತ್ತಿದ್ದರು. ಅವನು ಬಳಿಯುತ್ತಿದ್ದ. ಗಾಡಿ ಮತ್ತೆ ಬೀಳುತ್ತಿತ್ತು.

ರಾಣಿ ಮೊದಲ ಒಗಟು ಹೇಳಿದರು: "ಬೆಟ್ಟವನ್ನೇ ನುಂಗುತ್ತದೆ, ಆದರೆ ಕೋಳಿಮರಿಯನ್ನೂ ಅರಗಿಸಿಕೊಳ್ಳಲಾರದು. ಏನದು?"

ಆಸ್ಥಾನದ ಪಂಡಿತರೊಬ್ಬರು ಶಾಲು ಸರಿಮಾಡಿಕೊಂಡು "ಕತ್ತಲೆ" ಎಂದರು. ಭಟರು ಅವರನ್ನು ಶಾಲಿನ ಸಮೇತ ಎಳೆದೊಯ್ದರು.

ಗರಡಿಯ ಪೈಲ್ವಾನ ಮುಂದೆ ಬಂದು "ಮಂಜು" ಎಂದ. ರಾಣಿ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದರು: "ಬೆಂಕಿಯಲ್ಲಿ ಸುಟ್ಟಾಗ ತೆಪ್ಪಗಿತ್ತು, ತಣ್ಣೀರು ಹೊಯ್ದರೆ ಕೊತಕೊತ ಕುದಿಯಿತು. ಏನದು?"

"ನಮ್ಮತ್ತೆ!" ಎಂದುಬಿಟ್ಟ ಪೈಲ್ವಾನ. ಸಭೆಯೆಲ್ಲ ನಕ್ಕಿತು, ರಾಣಿ ನಗಲಿಲ್ಲ. ಅವನನ್ನೂ ಸೆರೆಮನೆಗೆ ಒಯ್ದರು.

ಮಂಜು, ಆಮೇಲೆ ಸುಣ್ಣ. ಮೂರನೆಯದು ಏನಿರಬಹುದೆಂದು ಚಿಕ್ಕೀರನಿಗೆ ಹೊಳೆಯಿತು. ಮೆಲ್ಲಗೆ ಹೊರಗೆ ಜಾರಲು ನೋಡಿದ. ಕೆಂಚವ್ವ ಅವನ ರಟ್ಟೆ ಹಿಡಿದಳು.

"ನಿಂಗೆ ಗೊತ್ತು ಕಣೋ. ನಿನ್ನ ಮುಖವೇ ಹೇಳ್ತದೆ. ಹೋಗು, ನನ್ನ ತಮ್ಮನ ಹಾಗಲ್ವಾ ನೀನು?"

ಆ ಮಾತಿಗೆ ಅವನು ಭೂಮಿಗೆ ಇಳಿದುಹೋದ. ಕಾಲೆಳೆದುಕೊಂಡು ಮುಂದೆ ಹೋಗಿ "ಸುಣ್ಣದ ಕಲ್ಲು, ತಾಯಿ" ಎಂದ.

"ಸರಿ. ವರ್ಷವೆಲ್ಲ ಕಣ್ಣಿಗೆ ರಾಚುವ ಕಾವಲುಗಾರ, ಬೇಕಾದ ದಿನವೇ ಮಾಯ. ತೊಡಿಸಿದ ಅಂಗಿಯೇ ಅವನನ್ನು ಅಡಗಿಸುತ್ತದೆ. ಯಾರವನು?"

ಸುಮ್ಮನಿದ್ದರೆ ತಲೆ ಹೋಗುತ್ತದೆ, ಹೇಳಿದರೆ ಊರಲ್ಲಿ ತಲೆಯೆತ್ತುವಂತಿಲ್ಲ. ಚಿಕ್ಕೀರ ಕೆಂಚವ್ವನತ್ತ ನೋಡಲಾರದೆ ನೆಲ ನೋಡುತ್ತ ಹೇಳಿದ:

"ನಾನು ಬಳಿದ ಕಲ್ಲು, ತಾಯಿ. ಬಿಳಿ ಮಂಜಲ್ಲಿ ಬಿಳಿ ಕಲ್ಲು ಕಾಣಾಕಿಲ್ಲ. ನಮ್ಮ ತಾತನ ಕಾಲಕ್ಕೂ ಮುಂಚೆ ಅದಕ್ಕೆ ಕೆಮ್ಮಣ್ಣು ಬಳೀತಿದ್ರಂತೆ. ತಾಯಿ, ತಮ್ಮ ಮದುವೆ ದಿಬ್ಬಣಕ್ಕೆ ಬೆಳ್ಳಗಿರಲಿ ಅಂತ ಅರಮನೆಯಿಂದ ಹೇಳಿಕಳಿಸಿದ್ರು. ಅದೇ ವರ್ಷ ಮೊದಲ ಗಾಡಿ ಬಿತ್ತು. ತಾತಂಗೆ ಅರ್ಥ ಆಯ್ತು, ಆದ್ರೆ ಬಾಯಿ ಬಿಡಲಿಲ್ಲ. ರಾಣಿಯವರಿಗೆ ಯಾರು ಹೇಳ್ತಾರೆ? ಸುಣ್ಣ ಬೇಡ ಅಂದ್ರೆ ನಮ್ಮ ಸುಣ್ಣದ ಗೂಡು ತಣ್ಣಗಾಗ್ತಿತ್ತು. ಸಾಯೋವಾಗ ನನ್ನ ಕೈ ಹಿಡಿದು ಹೇಳಿ ಅತ್ತ. ಆಮೇಲೂ ಮೂರು ಮಾಗಿ ನಾನು ಬಳಿದೆ."

ಮೂರನೆಯ ಮಾಗಿಯಲ್ಲೇ ಕೆಂಚವ್ವನ ಗಂಡ ಸತ್ತದ್ದು. ಅವಳ ಕೈ ತಾಳಿಯಿಲ್ಲದ ಕೊರಳಿಗೆ ಹೋಯಿತು.

"ಎಲ್ಲವೂ ಸರಿಯುತ್ತರ" ಎಂದರು ರಾಣಿ. "ಬೆಳ್ಳಗಿರಲಿ ಎಂದವಳು ನಾನೇ. ದೂರು ಬಂದ ದಿನ ಘಟ್ಟದ ಅಂಚಿಗೆ ಹೋಗಿ ಮಂಜಿನಲ್ಲಿ ನಿಂತಾಗ ನನಗೂ ಗೊತ್ತಾಯಿತು. ನನ್ನ ಬಾಯಿಂದ ಹೇಳಲು ನಾಚಿಕೆಯಾಗಿ, ಇನ್ನೊಬ್ಬರ ಬಾಯಿಂದ ಹೇಳಿಸಲು ಇಬ್ಬರ ಕುತ್ತಿಗೆಗೆ ಕತ್ತಿ ಇಟ್ಟೆ. ಕೆಂಚವ್ವ ಗೆದ್ದಳು. ನಿನಗೇನು ಬೇಕು ಕೇಳಪ್ಪ."

"ಆ ಇಬ್ಬರನ್ನು ಬಿಡಿ. ಕಲ್ಲಿಗೆ ಕೆಮ್ಮಣ್ಣು ಬಳಿಯೋ ಅಪ್ಪಣೆ ಕೊಡಿ."

ಅಪ್ಪಣೆಯೂ ಸಿಕ್ಕಿತು, ಜೊತೆಗೆ ಘಟ್ಟದ ಬುಡದಲ್ಲಿ ಉಂಬಳಿಯೂ ಸಿಕ್ಕಿತು. ರೇಷ್ಮೆಯ ಶಾಲು ಹೊದಿಸಲು ಬಂದಾಗ ಚಿಕ್ಕೀರ ಹೆಗಲು ಸರಿಸಿಕೊಂಡ.

ಮುಂದಿನ ಮಾಗಿಗೆ ಮೊದಲೇ ಕಲ್ಲುಗಳೆಲ್ಲ ಕೆಂಪಾದವು. ಕೆಂಚವ್ವ ದಿನವೂ ಬಂದು ಕೆಮ್ಮಣ್ಣು ಕಲಸಿಕೊಟ್ಟಳು, ಆದರೆ ಅವನೊಡನೆ ಒಂದು ಮಾತೂ ಆಡಲಿಲ್ಲ. ಮಂಜು ಕವಿದ ಒಂದು ಬೆಳಗ್ಗೆ ಇಬ್ಬರೂ ಇನ್ನೊಂದು ಕೈ ಬಳಿಯುತ್ತಿದ್ದಾಗ ಗಾಡಿಯೊಂದು ತಿರುವಿಗೆ ಬಂದು ಗಕ್ಕನೆ ನಿಂತಿತು.

"ಕಲ್ಲು ಕಾಣದಿದ್ರೆ ಹೋಗ್ತಿದ್ದೆ!" ಎಂದು ಕೂಗಿದ ಗಾಡಿಯವನು. "ಯಾವ ಪುಣ್ಯಾತ್ಮ ಬಳಿದದ್ದು?"

ಚಿಕ್ಕೀರ ಕುಂಚ ಕೆಳಗಿಟ್ಟು ಮುಖ ತಿರುಗಿಸಿಕೊಂಡ.

"ದೊಡ್ಡೀರನ ಮೊಮ್ಮಗ" ಎಂದಳು ಕೆಂಚವ್ವ, ಮಣ್ಣು ಕಲಸುತ್ತಲೇ.