ಜ್ವರದ ದಿನ ಅನ್ನ ಯಾಕೆ ಸೇರುವುದಿಲ್ಲ

ಮನುಷ್ಯನನ್ನು ಮಾಡಿದ ದೇವರ ಕೈಗೆ ಇನ್ನೂ ಹಸಿಮಣ್ಣು ಅಂಟಿಕೊಂಡಿತ್ತು, ಅಷ್ಟು ಹೊಸ ಕಾಲವದು.

ಆ ಮನುಷ್ಯನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಮನೆಗಳು. ಜೀವಕೋಶ ಅನ್ನುತ್ತಾರಲ್ಲ, ಅವೇ. ಅಂಥ ಒಂದು ಮನೆಯ ಒಡತಿ ಕೋಶವ್ವ. ಅವಳ ಒಲೆ ಉರಿಸುವವನು ಒಲೆಯಪ್ಪ. ಅವನೂ ಒಂದು ಕಾಲಕ್ಕೆ ಹೊರಗಿನಿಂದ ಬಂದವನೇ. ಬಂದವನು ಉಳಿದ, ಉಳಿದವನು ಮನೆಯವನಾದ.

ಒಂದು ದಿನ ಬಾಗಿಲಿಗೆ ಒಬ್ಬ ಕ್ರಿಮಿಯಣ್ಣ ಬಂದ. ಬಂದವನನ್ನು ಹೊರಗೇ ನಿಲ್ಲಿಸುವುದು ಕೋಶವ್ವನಿಗೆ ಗೊತ್ತಿಲ್ಲ. ತನ್ನದೇ ಕಂಬಳಿ ಹೊದಿಸಿ ಒಳಗೆ ಕೂರಿಸಿದಳು.

"ಕಂಬಳಿ ಬಿಟ್ಟು ಏಳಬೇಡಪ್ಪ, ಗಂಜಿ ತರುತ್ತೇನೆ."

ಗಂಜಿ ತಂದು ನೋಡುತ್ತಾಳೆ, ಕಂಬಳಿ ಹರಿದು ಬಿದ್ದಿದೆ, ಕ್ರಿಮಿಯಣ್ಣ ಅಲ್ಲಿಲ್ಲ. ಒಲೆಯ ಮುಂದೆ ಇಬ್ಬರು ಒಲೆಯಪ್ಪಂದಿರು. ಅದೇ ಮೈ, ಅದೇ ಮುಖ.

"ನಾನೇ ಒಲೆಯಪ್ಪ" ಎಂದ ಒಬ್ಬ.

"ಹಾಗಾದರೆ ನಾನ್ಯಾರು, ನಿನ್ನ ಮಾವನೇ?" ಎಂದ ಇನ್ನೊಬ್ಬ.

ಕೋಶವ್ವನಿಗೆ ದಿಕ್ಕೇ ತೋಚಲಿಲ್ಲ. ಕ್ರಿಮಿಯನ್ನು ಬಿಟ್ಟರೆ ಅವನು ಒಬ್ಬನೇ ನೂರಾಗಿ ಮನೆಯನ್ನೇ ಮುಗಿಸುತ್ತಾನೆ. ತಪ್ಪಿ ಒಲೆಯಪ್ಪನನ್ನು ಕೊಂದರೆ ಒಲೆಯೇ ಆರಿಹೋಗುತ್ತದೆ.

ಬಾಗಿಲಾಚೆ ಹರಿಯುತ್ತಾ ದಿನಾ ಮನೆಗೆ ಅಕ್ಕಿ ತರುವ ರಕ್ತದ ಹೊಳೆಯನ್ನು ಕೇಳಿದಳು. "ಹೊಳೆಯವ್ವ, ಇವರಲ್ಲಿ ಯಾರು ಯಾರು?"

"ನನ್ನನ್ನೇನು ಕೇಳುತ್ತೀ ತಾಯಿ. ಮುಖ ನೋಡುತ್ತಾ ನಿಂತರೆ ನಾನು ಹರಿಯುವುದು ಯಾವಾಗ?"

ಕೋಶವ್ವ ಯೋಚಿಸಿದಳು. ಮತ್ತೆ ಗೊಂದಲ. ಮತ್ತೆ ಯೋಚಿಸಿದಳು. ಕೊನೆಗೆ ದೇವರನ್ನು ನೆನೆದು, "ಹೊಳೆಯವ್ವ, ಇವತ್ತು ಅಕ್ಕಿ ತರಬೇಡ. ಮನೆಗೆಲ್ಲ ಉಪವಾಸ. ಹಸಿದಾಗ ಯಾರ ಗುಣ ಏನೆಂದು ನೋಡುತ್ತೇನೆ" ಎಂದು ಬಾಗಿಲು ಹಾಕಿದಳು.

ಹಸಿವಾಯಿತು. ಒಬ್ಬ ಇದ್ದ ಕೆಂಡವನ್ನೇ ಊದುತ್ತಾ ಕುಳಿತ. ಇನ್ನೊಬ್ಬ ಮೆಲ್ಲಗೆ ಎದ್ದು ಕೋಶವ್ವ ಎತ್ತಿಟ್ಟ ಗಂಜಿಯ ಗಡಿಗೆಗೆ ಕೈ ಹಾಕಿದ.

ಅವಳು ಅವನ ಬೆನ್ನಿಗೆ ಸುಣ್ಣದ ಬೊಟ್ಟಿಟ್ಟಳು. ಆದರೂ ಒಂದು ಅನುಮಾನ. ಪಾಪ, ಹಸಿದ ಒಲೆಯಪ್ಪನೇ ಆಗಿದ್ದರೆ?

"ಮನೆಗೆ ಬಂದ ಅತಿಥಿಗೆ ಹೀಗೆ ಗುರುತು ಹಾಕುತ್ತಾರೇನವ್ವ?" ಎಂದು ಅವನು ಸಿಡುಕಿದ.

"ಅತಿಥಿಯೋ? ಸರಿಯಪ್ಪ, ಈಗ ತಿಳಿಯಿತು" ಎಂದಳು ಕೋಶವ್ವ.

ಅವನನ್ನೂ ಹರಿದ ಕಂಬಳಿಯನ್ನೂ ಮನೆಯ ಸವೆದ ಚಾಪೆ, ಮುರಿದ ಮೊರಗಳನ್ನೂ ಒಂದೇ ಚೀಲದಲ್ಲಿ ಕಟ್ಟಿ, ಮೂಲೆಯಲ್ಲಿದ್ದ ಹುಳಿನೀರಿನ ಬಾನಿಗೆ ಇಳಿಸಿದಳು. ಎಲ್ಲ ಕರಗಿತು. ಕರಗಿದ್ದನ್ನೇ ಗಂಜಿಯಂತೆ ಬಗ್ಗಿಸಿಕೊಂಡು ಆ ದಿನ ಮನೆ ಉಂಡಿತು. ಒಲೆಯಪ್ಪನಿಗೆ ಒಂದು ಬಟ್ಟಲು ಹೆಚ್ಚು.

ಅದಕ್ಕೇ ನೋಡು ಕೂಸೇ, ಜ್ವರ ಬಂದ ದಿನ ನೀನು ಅನ್ನದ ತಟ್ಟೆಯನ್ನು ಅತ್ತ ತಳ್ಳುವುದು. ಒಳಗೆ ಕೋಶವ್ವ ಬಾಗಿಲು ಹಾಕಿಕೊಂಡು, ಮನೆಯವರು ಯಾರು, ಬಂದವರು ಯಾರು ಎಂದು ಇನ್ನೂ ನೋಡುತ್ತಿದ್ದಾಳೆ.